ಹೊಸ ಕಾರಿಗೆ ಹಳೆಯ ಆಕ್ಸಲ್

ನಾವು ಇಬ್ಬರು ಅಣ್ಣತಮ್ಮಂದಿರು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ತಂದೆ ಹೆದ್ದಾರಿಯ ಬದಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲಾರಿ ರಿಪೇರಿ ಮಾಡಿದವರು. ಆಗ ಅದು ನಾಲ್ಕನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಈಗ ಅದರ ನಂಬರು 48. ಬೆಂಗಳೂರು ಕಡೆಯಿಂದ ಪುಣೆಯತ್ತ ಹೋಗುವ ಲಾರಿಯ ಹಿಂದಿನ ಆಕ್ಸಲ್ ಕೂಗತೊಡಗಿದರೆ ಕೆಲವು ಡ್ರೈವರುಗಳು ಹೇಗೋ ದುರ್ಗದವರೆಗೆ ತಂದು ಅಬ್ಬಾರ ಗ್ಯಾರೇಜಿನ ಮುಂದೆ ನಿಲ್ಲಿಸುತ್ತಿದ್ದರು. ಅಬ್ಬಾ ಸದ್ದು ಕೇಳಿಯೇ ಒಳಗೆ ಏನು ಕೆಟ್ಟಿದೆ ಎಂದು ಹೇಳುತ್ತಾರೆಂಬ ಹೆಸರಿತ್ತು.

ನಮ್ಮ ಮನೆಯ ಮಾತು ದಖ್ಖನಿ ಉರ್ದು. ಗ್ಯಾರೇಜಿನ ಮಾತು ಕನ್ನಡ. ಅಲ್ಲಿ ಕೆಲಸಕ್ಕಿದ್ದ ಹುಡುಗರು, ಬರುತ್ತಿದ್ದ ಡ್ರೈವರು, ಕ್ಲೀನರುಗಳು ಎಲ್ಲರೂ ಕನ್ನಡದವರು. ಹಾಗಾಗಿ ಕಬ್ಬಿಣ, ಎಣ್ಣೆ, ಸದ್ದು ಇವುಗಳ ವಿಷಯ ಬಂದರೆ ಅಬ್ಬಾರ ಬಾಯಲ್ಲಿ ತಾನಾಗಿಯೇ ಕನ್ನಡ ಬರುತ್ತಿತ್ತು. ಆದರೆ ನಮ್ಮಿಬ್ಬರಿಗೆ ಅವರು ಎಂದೂ ಸ್ಪ್ಯಾನರ್ ಹಿಡಿಯಲು ಬಿಡಲಿಲ್ಲ. ಶಾಲೆ ಬಿಟ್ಟು ಗ್ಯಾರೇಜಿನ ಕಡೆ ಸುಳಿದರೆ ‘ಮನೆಗೆ ಹೋಗಿ ಪುಸ್ತಕ ಹಿಡೀರಿ’ ಎಂದು ಗದರಿ ಕಳಿಸುತ್ತಿದ್ದರು. ಈ ಮಸಿ ತಮ್ಮ ಕೈಯಲ್ಲೇ ಮುಗಿಯಬೇಕು ಎಂಬುದು ಅವರ ಹಟ. ನಾವು ಓದಿದೆವು, ಇಂಜಿನಿಯರುಗಳಾದೆವು, ದೇಶ ಬಿಟ್ಟೆವು. 2009ರಲ್ಲಿ ಗ್ಯಾರೇಜು ಮುಚ್ಚಿದಾಗ ಅವರ ಸಾಮಾನುಗಳನ್ನು ಯಾರು ತೂಕಕ್ಕೆ ಕೊಂಡರು ಎಂದು ನಾವು ಕೇಳಲೂ ಇಲ್ಲ.

ನಾವು ಬಂದು ನೆಲೆಸಿದ್ದು ಅಮೆರಿಕದ ಮಿಶಿಗನ್ ರಾಜ್ಯದ ಡಿಯರ್‌ಬೋರ್ನ್‌ನಲ್ಲಿ. ಡೆಟ್ರಾಯಿಟ್ ನಗರಕ್ಕೆ ಅಂಟಿಕೊಂಡಿರುವ ಊರು ಇದು. ಫೋರ್ಡ್ ಕಂಪೆನಿಯ ತವರು. ಇಲ್ಲಿನ ರೂಜ್ ಕಾರ್ಖಾನೆಯ ಕೆಲಸ ಹುಡುಕಿಕೊಂಡು ಲೆಬನಾನ್, ಯೆಮನ್ ಮುಂತಾದ ಕಡೆಗಳಿಂದ ಬಂದವರು ಇಲ್ಲೇ ಉಳಿದರು. ಅಂಗಡಿಗಳ ಮೇಲೆ ಅರಬಿ ಬೋರ್ಡುಗಳು, ಪಕ್ಕದಲ್ಲೇ ಕಾರು ಕಾರ್ಖಾನೆಯ ಹೊಗೆಗೊಳವೆ. ಮೊದಲ ಬಾರಿಗೆ ಬರುವವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮಗೆ ಮಾತ್ರ ಬೇಗನೆ ಒಗ್ಗಿತು.

ನಮ್ಮಲ್ಲಿ ಕಿರಿಯವನು 2015ರಲ್ಲಿ ಒಂದು ಹಳೆಯ ಕಾರು ಕೊಂಡ. 2001ರ ಮಸ್ಟ್ಯಾಂಗ್ ಕೋಬ್ರಾ. ಅಮೆರಿಕದವರು ‘ಮಸಲ್ ಕಾರ್’ ಎಂದು ಕರೆಯುವ ಜಾತಿಯದು. ಉದ್ದ ಮೂತಿ, ಎಂಟು ಸಿಲಿಂಡರಿನ ಇಂಜಿನ್, 320 ಅಶ್ವಶಕ್ತಿ, ಹಿಂದಿನ ಚಕ್ರಗಳಿಂದ ಓಟ. ಇದು ತಯಾರಾದದ್ದೂ ನಮ್ಮ ಮನೆಗೆ ಹತ್ತಿರದ ಡಿಯರ್‌ಬೋರ್ನ್ ಕಾರ್ಖಾನೆಯಲ್ಲೇ. 1964ರಿಂದ ಅಲ್ಲಿ ಮಸ್ಟ್ಯಾಂಗ್ ತಯಾರಾಗುತ್ತಿತ್ತು. 2004ರ ಮೇ ತಿಂಗಳಲ್ಲಿ ಕೊನೆಯದು ಹೊರಬಂದು ಆ ಸಾಲು ನಿಂತಿತು.

ಕಿರಿಯವನಿಗೆ ಕಾಲು ಮೈಲಿಯ ಓಟದ ಹುಚ್ಚು. ಅದಕ್ಕೆಂದೇ ಇರುವ ನೇರವಾದ ಟ್ರ್ಯಾಕಿನಲ್ಲಿ ಎರಡು ಕಾರುಗಳು ನಿಂತಲ್ಲಿಂದ ಹೊರಟು 402 ಮೀಟರು ಓಡಬೇಕು. ತಿರುವಿಲ್ಲ, ಮರಳುವಿಕೆಯಿಲ್ಲ, ಹದಿನಾಲ್ಕು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. 2016ರ ಏಪ್ರಿಲ್‌ನಲ್ಲಿ ಅವನು ಹಿಂದಕ್ಕೆ ನೆಲಕ್ಕೆ ಅಂಟಿಕೊಳ್ಳುವಂಥ ಮೆತ್ತನೆಯ ಟೈರು ಹಾಕಿ, ಇಂಜಿನ್ನನ್ನು ಕೂಗಿಸಿ, ಕ್ಲಚ್ಚನ್ನು ಒಮ್ಮೆಲೇ ಬಿಟ್ಟ. ಹಿಂದಿನ ಚಕ್ರಗಳು ಕಪ್ಪೆಯಂತೆ ಕುಪ್ಪಳಿಸಿದವು. ಮೂರನೇ ಕುಪ್ಪಳಿಕೆಗೆ ಒಂದು ಕಡೆಯ ಶಾಫ್ಟು ಮುರಿಯಿತು. ತಪ್ಪು ಕಾರಿನದಲ್ಲ. ಬೆಟ್ಟದ ತಿರುವಿಗೆ, ಹಾಳು ರಸ್ತೆಗೆ ಹೊಂದುವ ವ್ಯವಸ್ಥೆಯನ್ನು ಬೇರೆಯದೇ ಕೆಲಸಕ್ಕೆ ದುಡಿಸಿದವರು ನಾವು.

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಲಾರಿಗಳನ್ನು ಹಿಂದಿನಿಂದ ಬಗ್ಗಿ ನೋಡಿದವರಿಗೆ ಗೊತ್ತು: ಎರಡು ಚಕ್ರಗಳ ನಡುವೆ ಒಂದು ದಪ್ಪ ಕಬ್ಬಿಣದ ಕೊಳವೆ, ಅದರ ನಡುವೆ ಮಡಕೆಯಂತೆ ಉಬ್ಬಿದ ಹೌಸಿಂಗ್. ಇಂಜಿನ್ನಿನಿಂದ ಬರುವ ಉದ್ದ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಅಲ್ಲಿಂದ ಶಕ್ತಿ ಎರಡೂ ಚಕ್ರಗಳಿಗೆ ಹಂಚಿಹೋಗುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಾಗುವುದರಿಂದ ಎರಡಕ್ಕೂ ಬೇರೆಬೇರೆ ವೇಗ ಕೊಡುವ ಡಿಫರೆನ್ಷಿಯಲ್ ಆ ಮಡಕೆಯೊಳಗೇ ಇರುತ್ತದೆ. ಇಷ್ಟೂ ಸೇರಿ ಒಂದೇ ಗಟ್ಟಿ ತುಂಡು. ಇದನ್ನು ಸಾಲಿಡ್ ಆಕ್ಸಲ್ ಎನ್ನುತ್ತಾರೆ. ನಮ್ಮ ಅಂಬಾಸಿಡರ್ ಕಾರಿಗೂ ಇದ್ದದ್ದು ಇದೇ. ಇದರ ದೋಷವೆಂದರೆ ಎಡ ಚಕ್ರ ಗುಂಡಿಗೆ ಬಿದ್ದರೆ ಬಲ ಚಕ್ರವೂ ಓರೆಯಾಗುತ್ತದೆ.

ಹೊಸ ಪದ್ಧತಿಯಲ್ಲಿ ಮಡಕೆಯನ್ನು ಕಾರಿನ ಅಡಿಗೆ ಬಿಗಿದು ಎರಡೂ ಚಕ್ರಗಳನ್ನು ಬಿಡಿಬಿಡಿಯಾಗಿ ಆಡಲು ಬಿಡುತ್ತಾರೆ. ಗುಂಡಿಗೆ ಬಿದ್ದ ಚಕ್ರದ ಕಷ್ಟ ಇನ್ನೊಂದಕ್ಕೆ ತಟ್ಟುವುದಿಲ್ಲ. ಸವಾರಿ ಮೆತ್ತಗೆ, ತಿರುವಿನಲ್ಲಿ ಹಿಡಿತ ಹೆಚ್ಚು. ಮಸ್ಟ್ಯಾಂಗ್ ಹುಟ್ಟಿದಾಗಿನಿಂದ ಸಾಲಿಡ್ ಆಕ್ಸಲ್ಲಿನ ಮೇಲೇ ಓಡಿದ ಕಾರು. 1999ರಲ್ಲಿ ಕೋಬ್ರಾ ಎಂಬ ಒಂದು ಮಾದರಿಗೆ ಮಾತ್ರ ಬಿಡಿ ಚಕ್ರದ ವ್ಯವಸ್ಥೆ ಬಂತು. ಆದರೆ ಅದರ ಕೊಂಡಿಗಳೆಲ್ಲ ರಬ್ಬರಿನ ಬುಷ್ಷುಗಳ ಮೇಲೆ ಕೂತಿರುತ್ತವೆ. ಒಮ್ಮೆಲೇ ಬಲ ಬಿದ್ದಾಗ ರಬ್ಬರು ತಿರುಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ, ಮತ್ತೆ ತಿರುಚಿಕೊಳ್ಳುತ್ತದೆ. ಕುಪ್ಪಳಿಕೆ ಹುಟ್ಟುವುದು ಹೀಗೆ. ನೇರ ಓಟದವರಿಗೆ ಇದು ಬೇಡ. ಹೀಗಾಗಿ ಅವರಲ್ಲಿ ಅನೇಕರು ಹೊಸ ವ್ಯವಸ್ಥೆಯನ್ನು ಕಳಚಿ, ಹಳೆಯ ಮಸ್ಟ್ಯಾಂಗಿನ ಸಾಲಿಡ್ ಆಕ್ಸಲ್ ತಂದು ಕೂರಿಸುತ್ತಾರೆ. ಕಂಪೆನಿಯ ಇಂಜಿನಿಯರುಗಳು ಹೊಸ ವ್ಯವಸ್ಥೆಯನ್ನು ಹಳೆಯ ಆಕ್ಸಲ್ ಬಿಗಿಯುತ್ತಿದ್ದ ಜಾಗಗಳಿಗೇ ಹೊಂದುವಂತೆ ರೂಪಿಸಿದ್ದರು. ಆದ್ದರಿಂದಲೇ ಹಿಂದಕ್ಕೆ ಹೋಗುವ ದಾರಿಯೂ ತೆರೆದಿತ್ತು.

ನಮ್ಮಲ್ಲಿ ಹಿರಿಯವನು ‘ಮಾರಿಬಿಡು’ ಎಂದ. ಕಿರಿಯವನು ‘ಹಳೆಯ ಆಕ್ಸಲ್ ಹಾಕೋಣ’ ಎಂದ. ಮಾತಿಗೆ ಮಾತು ಬೆಳೆಯಿತು. ಹದಿನೈದು ವರ್ಷ ಹಿಂದಿನ ಕಾರಿಗೆ ಅದಕ್ಕಿಂತ ಹಳೆಯ ಸಾಮಾನು ಹಾಕುವುದು ಯಾವ ಬುದ್ಧಿವಂತಿಕೆ ಎಂದು ಹಿರಿಯವನ ವಾದ. ಊರಿನಲ್ಲಿ ಮನೆಯ ಮಾಳಿಗೆ ಸೋರುತ್ತಿರುವಾಗ ಇಲ್ಲಿ ಕಬ್ಬಿಣಕ್ಕೆ ಡಾಲರು ಸುರಿಯುತ್ತೀಯಾ ಎಂಬ ಮಾತೂ ಬಂತು. ‘ಅಬ್ಬಾ ಜೀವನವಿಡೀ ಮಾಡಿದ್ದು ಇದೇ ಕಬ್ಬಿಣದ ಕೆಲಸ. ಅದರಲ್ಲೇ ನಮ್ಮ ಫೀಸು ಕಟ್ಟಿದ್ದು’ ಎಂದು ಕಿರಿಯವನು ಹೇಳಿದಾಗ ಹಿರಿಯವನಲ್ಲಿ ಉತ್ತರವಿರಲಿಲ್ಲ. ಮಾಳಿಗೆಗೆ ಇಬ್ಬರೂ ಸೇರಿ ಮೊದಲು ಹಣ ಕಳಿಸುವುದು, ಆಮೇಲೆ ಆಕ್ಸಲ್ ಎಂದು ಒಪ್ಪಂದವಾಯಿತು.

ಜೂನ್‌ನಲ್ಲಿ ಗುಜರಿಯಲ್ಲಿ 1995ರ ಮಸ್ಟ್ಯಾಂಗಿನ ಆಕ್ಸಲ್ ಸಿಕ್ಕಿತು. ಕ್ರೌನಿನ ಅಗಲ 8.8 ಇಂಚು. ಕಂಪೆನಿಯವರೂ ಅದನ್ನು ಆ ಅಳತೆಯಿಂದಲೇ ಕರೆಯುತ್ತಾರೆ. ನಮ್ಮ ಕಾರಿನದಕ್ಕಿಂತ ಒಂದೂವರೆ ಇಂಚಿನಷ್ಟು ಕಿರಿದು. ಚಕ್ರಗಳ ಒಳಗೆ ಎರಡೂ ಕಡೆ ಸ್ಪೇಸರ್ ಕೊಟ್ಟು ಸರಿಹೊಂದಿಸಬೇಕು. ಒಂದು ಸಾಮಾನು ಬದಲಿಸಹೊರಟರೆ ಅದರ ಬಂಧುಬಳಗವನ್ನೆಲ್ಲ ಕರೆತರಬೇಕಾಗುತ್ತದೆ. ಹಳೆಯ ಆಕ್ಸಲ್ಲನ್ನು ಹಿಡಿಯುವ ಮೇಲಿನ ಕೆಳಗಿನ ತೋಳುಗಳು, ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಬ್ರೇಕಿನ ಹೋಸು, ಹ್ಯಾಂಡ್‌ಬ್ರೇಕಿನ ಕೇಬಲ್ಲು ಎಲ್ಲವೂ ಬೇಕು. ಸೈಲೆನ್ಸರಿನ ಪೈಪು ಕೂಡ ಹೊಸ ವ್ಯವಸ್ಥೆಯಲ್ಲಿ ಒಂದು ದಾರಿ, ಹಳೆಯದರಲ್ಲಿ ಇನ್ನೊಂದು ದಾರಿ.

ಮಿಶಿಗನ್ನಿನಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ ದೊಡ್ಡ ಉಪ್ಪಿನ ಗಣಿಯಿದೆ. ಹಿಮ ಕರಗಿಸುವ ಆ ಉಪ್ಪು ಕಾರಿನ ಅಡಿಯ ಬೋಲ್ಟುಗಳನ್ನೂ ತಿನ್ನುತ್ತದೆ. ನಾವು ಮೊದಲ ದಿನ ಬಿಚ್ಚಿದ್ದು ಎರಡೇ ಬೋಲ್ಟು. ನಮ್ಮ ಪಾಡು ನೋಡಿದ ಪಕ್ಕದ ಮನೆಯ ಮುದುಕರು ಬೇಲಿ ದಾಟಿ ಬಂದರು. ಯೆಮನ್ ಮೂಲದವರು, ಮಸ್ಟ್ಯಾಂಗ್ ತಯಾರಾಗುತ್ತಿದ್ದ ಅದೇ ಸಾಲಿನಲ್ಲಿ ದುಡಿದು ನಿವೃತ್ತರಾದವರು. ತಮ್ಮ ಗ್ಯಾಸ್ ಟಾರ್ಚ್ ತಂದು ನಟ್ಟನ್ನು ಕೆಂಪಗೆ ಕಾಯಿಸಿ, ಆರಲು ಬಿಟ್ಟು, ಒಂದೇ ಏಟಿಗೆ ತಿರುಗಿಸಿದರು. ‘ಇದನ್ನು ಇವತ್ತು ಬಿಚ್ಚುತ್ತಿದ್ದೇನೆ, ಅಂದು ಬಿಗಿದವನೂ ನಾನೇ ಇರಬಹುದು’ ಎಂದು ನಕ್ಕರು.

ಬಿಡಿ ಚಕ್ರದ ವ್ಯವಸ್ಥೆ ತನ್ನ ಚೌಕಟ್ಟಿನ ಸಮೇತ ಕೆಳಗಿಳಿಯಿತು. ಅದು ಸಾಲಿಡ್ ಆಕ್ಸಲ್ಲಿಗಿಂತ ಸುಮಾರು 80 ಪೌಂಡು, ಅಂದರೆ 36 ಕಿಲೋ ಹೆಚ್ಚು ಭಾರ. ಅದನ್ನು ಹಲಗೆಯ ಮೇಲಿಟ್ಟು ಟಾರ್ಪಾಲು ಹೊದಿಸಿದೆವು. ಹಳೆಯ ಆಕ್ಸಲ್ಲಿಗೆ ಹೊಸ ಕ್ರೌನ್ ಪಿನಿಯನ್ ಹಾಕುವುದೆಂದು ತೀರ್ಮಾನಿಸಿದ್ದೆವು. ಶಾಫ್ಟು 3.73 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು, ಆ ಲೆಕ್ಕದ ಜೋಡಿ. ಕೈಪಿಡಿ ಇತ್ತು, ಅಳತೆಯ ಡಯಲ್ ಇತ್ತು, ನಾವಿಬ್ಬರೂ ಇಂಜಿನಿಯರುಗಳು. ಇನ್ನೇನು ಬೇಕು?

ಆಗಸ್ಟ್ ಮೊದಲ ವಾರ ಕಾರು ರಸ್ತೆಗಿಳಿಯಿತು. ಗಂಟೆಗೆ ನಲವತ್ತು ಮೈಲಿ ದಾಟುತ್ತಿದ್ದಂತೆ ಹಿಂದಿನಿಂದ ಒಂದು ಕೂಗು ಎದ್ದಿತು. ಸಣ್ಣಗೆ ಶುರುವಾಗಿ ವೇಗ ಹೆಚ್ಚಿದಂತೆ ಏರುತ್ತಿತ್ತು. ನಾಲ್ಕು ಮೈಲಿ ಓಡಿಸಿ ಮನೆಗೆ ತಂದು ನಿಲ್ಲಿಸಿದೆವು. ಇಬ್ಬರೂ ಮಾತಾಡಲಿಲ್ಲ. ಆ ಕೂಗು ನಮಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಹೆದ್ದಾರಿಯಿಂದ ಇಳಿದು ಗ್ಯಾರೇಜಿಗೆ ಬರುತ್ತಿದ್ದ ಲಾರಿಗಳ ಕೂಗೇ ಅದು.

ಅಂದು ರಾತ್ರಿ ಒಂಬತ್ತೂವರೆಗೆ ಊರಿಗೆ ಫೋನು ಮಾಡಿದೆವು. ಅಲ್ಲಿ ಬೆಳಿಗ್ಗೆ ಏಳು. ಸಾಮಾನ್ಯವಾಗಿ ನಮ್ಮ ಮಾತು ಅಮ್ಮಿಯ ಜೊತೆಗೇ ಮುಗಿಯುತ್ತಿತ್ತು. ಸುತ್ತಿಗೆ, ಇಂಜಿನ್ನುಗಳ ನಡುವೆ ದುಡಿದ ಅಬ್ಬಾರ ಕಿವಿ ಆ ಹೊತ್ತಿಗೆ ಬಹುಪಾಲು ಹೋಗಿತ್ತು. ಸಲಾಂ, ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ, ಇಷ್ಟೇ. ಅಂದು ಮೊದಲ ಬಾರಿಗೆ ನಾವು ಅವರನ್ನು ಅವರ ಕೆಲಸದ ಬಗ್ಗೆ ಕೇಳಿದೆವು. ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆವು, ಆದರೆ ಅವರಿಗೆ ಕೇಳಿಸಬೇಕಲ್ಲ! ಸದ್ದನ್ನು ಮಾತಿನಲ್ಲೇ ಹೇಳಬೇಕಾಯಿತು. ನಾವು ಕೂಗಿ ಹೇಳಿದ್ದನ್ನು ಅಮ್ಮಿ ಅವರ ಕಿವಿಯ ಬಳಿ ಇನ್ನೂ ಜೋರಾಗಿ ಹೇಳುತ್ತಿದ್ದರು.

‘ಗೊಂಯ್ ಅನ್ನುತ್ತೋ, ಕಟಕಟ ಅನ್ನುತ್ತೋ?’ ಎಂದು ಕೇಳಿದರು. ‘ಗೊಂಯ್.’ ‘ಎಳೆಯುವಾಗಲೋ, ಕಾಲು ಬಿಟ್ಟಾಗಲೋ? ತಿರುವಿನಲ್ಲಿ ಬದಲಾಗುತ್ತೋ?’ ಒಂದೊಂದು ಪ್ರಶ್ನೆಗೂ ನಾವು ಮತ್ತೆ ಆ ನಾಲ್ಕು ಮೈಲಿಯನ್ನು ಮನಸ್ಸಿನಲ್ಲಿ ಓಡಿಸಿ ಉತ್ತರಿಸಿದೆವು. ಮಾತು ಯಾವಾಗ ಉರ್ದುವಿನಿಂದ ಕನ್ನಡಕ್ಕೆ ತಿರುಗಿತೋ ಗೊತ್ತಾಗಲಿಲ್ಲ. ಕೊನೆಗೆ ಅವರು, ‘ಪಿನಿಯನ್ ಹಿಂದಿನ ಶಿಮ್ ಯಾವುದು ಹಾಕಿದಿರಿ?’ ಎಂದರು. ಹಳೆಯ ಪಿನಿಯನ್ನಿನಲ್ಲಿ ಇದ್ದದ್ದನ್ನೇ ಹಾಕಿದ್ದೆವು. ‘ಬಣ್ಣ ಹಚ್ಚಿ ಹಲ್ಲು ನೋಡಿದಿರಾ?’ ನೋಡಿದ್ದೆವು, ಆದರೆ ಅವಸರದಲ್ಲಿ. ಗುರುತು ಸ್ವಲ್ಪ ಅತ್ತಿತ್ತ ಇದ್ದರೂ ನಡೆಯುತ್ತದೆ ಎಂದುಕೊಂಡಿದ್ದೆವು. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನು ಒಂದು ಮೈಲಿಯೂ ಓಡಿಸಬೇಡಿ. ಹಲ್ಲು ತಪ್ಪು ಜಾಗದಲ್ಲಿ ತಿಂದುಕೊಂಡರೆ ಆಮೇಲೆ ಯಾರಿಂದಲೂ ಸರಿಯಾಗುವುದಿಲ್ಲ’ ಎಂದರು.

ಶಿಮ್ ಎಂದರೆ ಪಿನಿಯನ್ನಿನ ತಲೆಯ ಹಿಂದೆ ಕೂರುವ ತೆಳುವಾದ ಉಕ್ಕಿನ ಬಳೆ. ಅದರ ದಪ್ಪದ ಮೇಲೆ ಪಿನಿಯನ್ ಕ್ರೌನಿಗೆ ಎಷ್ಟು ಹತ್ತಿರ ಎಂಬುದು ನಿಲ್ಲುತ್ತದೆ. ಎರಡು ಹಲ್ಲುಗಾಲಿಗಳಿಗೆ ಒಂದೇ ಶಿಮ್ ಹೊಂದಲೇಬೇಕೆಂದಿಲ್ಲ. ಹಲ್ಲುಗಳಿಗೆ ಬಣ್ಣದ ಅಂಟು ಹಚ್ಚಿ ತಿರುಗಿಸಿದರೆ, ಒಂದಕ್ಕೊಂದು ಉಜ್ಜಿದ ಜಾಗದಲ್ಲಿ ಬಣ್ಣ ಸರಿದು ಗುರುತು ಮೂಡುತ್ತದೆ. ಗುರುತು ಹಲ್ಲಿನ ತುದಿಯಲ್ಲಿದ್ದರೆ ಪಿನಿಯನ್ ದೂರವಾಗಿದೆ, ಬುಡದಲ್ಲಿದ್ದರೆ ಬಹಳ ಹತ್ತಿರ ಬಂದಿದೆ, ನಡುವೆ ಇದ್ದರೆ ಸರಿ. ಅಬ್ಬಾ ಗ್ಯಾರೇಜಿನಲ್ಲಿ ಕೆಂಪು ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬೆರಳಿನಿಂದ ಹಚ್ಚುತ್ತಿದ್ದುದು ನಮಗೆ ಆಗ ನೆನಪಾಯಿತು. ಅದೇನೆಂದು ಆಗ ಕೇಳಿರಲಿಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲವೇನೋ.

ಮತ್ತೆ ಎಲ್ಲವನ್ನೂ ಬಿಚ್ಚಿದೆವು. ಹಳದಿ ಅಂಟು ಹಚ್ಚಿ ತಿರುಗಿಸಿ ನೋಡಿದರೆ ಗುರುತು ಹಲ್ಲಿನ ಬುಡದಲ್ಲಿತ್ತು. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆವು. ಮನೆಯ ಪಕ್ಕದ ಹುಡುಗ ತನ್ನ ಮೊಬೈಲಿನಲ್ಲಿ ದೊಡ್ಡದು ಮಾಡಿ ಅಬ್ಬಾರಿಗೆ ತೋರಿಸಿದ. ‘ತೆಳು ಮಾಡಿ’ ಎಂಬ ಉತ್ತರ ಬಂತು. ಇಂಚಿನ ಸಾವಿರದ ಮೂರು ಭಾಗ ತೆಳುವಾದ ಶಿಮ್ ಹಾಕಿದೆವು. ಸಾಲಲಿಲ್ಲ. ಇನ್ನೂ ಎರಡು ಭಾಗ ಕಡಿಮೆ ಮಾಡಿದೆವು. ಒಟ್ಟು ವ್ಯತ್ಯಾಸ ಒಂದು ದಪ್ಪ ಕಾಗದದ ಹಾಳೆಯಷ್ಟು. ಪ್ರತಿ ಸಲವೂ ಬೇರಿಂಗ್ ಕಳಚಬೇಕು, ಮತ್ತೆ ಕೂರಿಸಬೇಕು, ಕ್ರೌನಿಗೂ ಪಿನಿಯನ್ನಿಗೂ ನಡುವಿನ ಆಟವನ್ನು ಡಯಲ್ಲಿನಲ್ಲಿ ಅಳೆಯಬೇಕು. ಗುರುತು ನಡುವೆ ಬಂದ ಮೇಲಷ್ಟೇ ಬೇರಿಂಗಿನ ಬಿಗಿತ ಹಿಡಿಯುವ ಕೊಳವೆಯನ್ನು ಹಾಕಿ ನಟ್ಟು ಬಿಗಿಯಬೇಕು. ಅದು ನಟ್ಟಿನ ಒತ್ತಡಕ್ಕೆ ಜಜ್ಜಿಹೋಗುವಂಥದ್ದು, ಒಮ್ಮೆ ಜಜ್ಜಿದರೆ ಮತ್ತೆ ಬಳಸುವಂತಿಲ್ಲ. ಮೊದಲ ಸಲದ್ದು ವ್ಯರ್ಥವಾಗಿತ್ತು, ಹೊಸದು ತಂದೆವು. ಹನ್ನೊಂದು ದಿನ ಹಿಡಿಯಿತು. ಹನ್ನೊಂದು ದಿನವೂ ಊರಿಗೆ ಫೋನು ಹೋಯಿತು. ಅಬ್ಬಾ ಬೆಳಿಗ್ಗೆ ಆರಕ್ಕೇ ಚಹಾ ಕುಡಿದು ಫೋನಿನ ಪಕ್ಕ ಕೂರುತ್ತಾರೆಂದು ಅಮ್ಮಿ ಹೇಳಿದರು.

ಕೂಗು ನಿಂತಿತು. ಸೆಪ್ಟೆಂಬರಿನಲ್ಲಿ ಕಿರಿಯವನು ಮತ್ತೆ ಟ್ರ್ಯಾಕಿಗೆ ಹೋದ. ಕಾರು ಕುಪ್ಪಳಿಸಲಿಲ್ಲ. ಹಿಂಭಾಗ ತಗ್ಗಿಸಿ ನೇರವಾಗಿ ಹೊರಟಿತು. ಸಮಯದಲ್ಲಿ ಉಳಿದದ್ದು ಅರ್ಧ ಸೆಕೆಂಡಿಗೂ ಕಡಿಮೆ. ಅಷ್ಟಕ್ಕೆ ಒಂದು ಬೇಸಿಗೆ, ಸುಮಾರು ಸಾವಿರದ ನಾನೂರು ಡಾಲರು. ಕಳೆದುಕೊಂಡದ್ದೂ ಇದೆ. ಡೆಟ್ರಾಯಿಟ್ಟಿನ ಗುಂಡಿ ರಸ್ತೆಗಳಲ್ಲಿ ಕಾರು ಈಗ ಲಾರಿಯಂತೆ ಬಡಿಯುತ್ತಿತ್ತು. ತಿರುವಿನಲ್ಲಿ ರಸ್ತೆ ಕಿತ್ತಿದ್ದರೆ ಹಿಂಭಾಗ ಪಕ್ಕಕ್ಕೆ ಹಾರುತ್ತಿತ್ತು. ಹಿರಿಯವನು ಒಂದು ದಿನ ಅದರಲ್ಲಿ ಕೂತು ಬಂದು ‘ಬೆನ್ನು ಹೋಯಿತು’ ಎಂದ.

2018ರ ಬೇಸಿಗೆಯಲ್ಲಿ ಅಬ್ಬಾ ಮತ್ತು ಅಮ್ಮಿ ಇಲ್ಲಿಗೆ ಬಂದರು. ವಿಮಾನ ಇಳಿದ ಮರುದಿನವೇ ಅಬ್ಬಾ ಗ್ಯಾರೇಜಿಗೆ ಬಂದು ಕಾರಿನ ಹಿಂದೆ ನೆಲದ ಮೇಲೆ ಮಲಗಿ ಆಕ್ಸಲ್ ನೋಡಿದರು. ಆಮೇಲೆ ಓಡಿಸಲು ಹೇಳಿ ಪಕ್ಕದ ಸೀಟಿನಲ್ಲಿ ಕೂತರು. ಕೂಗು ಇದೆಯೋ ಇಲ್ಲವೋ ಅವರಿಗೆ ಕೇಳುವಂತಿರಲಿಲ್ಲ. ಅಂಗೈಯನ್ನು ಗೇರಿನ ಕೋಲಿನ ಮೇಲೆ ಸ್ವಲ್ಪ ಹೊತ್ತು, ಆಮೇಲೆ ಕಾಲ ಬಳಿಯ ನೆಲದ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡರು. ಐವತ್ತು ಮೈಲಿಗೆ ಬಂದಾಗ ತಲೆಯಾಡಿಸಿ, ‘ಕೂಗುತ್ತಿಲ್ಲ’ ಎಂದರು.

ಆ ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಯ ಹಳೆಯ ಕಾರುಗಳ ಮೆರವಣಿಗೆಗೆ ಅವರನ್ನು ಕರೆದುಕೊಂಡು ಹೋದೆವು. ಅದು 1995ರಲ್ಲಿ ಆರಂಭವಾದದ್ದು. ಪಕ್ಕದ ಮನೆಯ ಮುದುಕರೂ ಬಂದಿದ್ದರು. ಜನರೆಲ್ಲ ಬಣ್ಣ, ಬಾನೆಟ್ಟು ನೋಡುತ್ತಿದ್ದರೆ ಇವರಿಬ್ಬರು ಪ್ರತಿ ಕಾರಿನ ಹಿಂದೆ ಬಗ್ಗಿ ಆಕ್ಸಲ್ ನೋಡುತ್ತಿದ್ದರು. ಒಬ್ಬರಿಗೆ ಅರಬಿ, ಇಂಗ್ಲಿಷ್, ಇನ್ನೊಬ್ಬರಿಗೆ ದಖ್ಖನಿ, ಕನ್ನಡ. ಅದೂ ಕಿವಿ ಕೇಳದು. ಕೈಸನ್ನೆಯಲ್ಲೇ ಮಧ್ಯಾಹ್ನ ಕಳೆಯಿತು. 1960ರ ದಶಕದ ಮಸ್ಟ್ಯಾಂಗಿನಲ್ಲಿ ಸಾಲಿಡ್ ಆಕ್ಸಲ್. ನಮ್ಮ ಕಾರಿನ ನಂತರದ, 2005ರ ಹೊಸ ಮಾದರಿಯಲ್ಲಿ ಕಂಪೆನಿ ಮತ್ತೆ ಎಲ್ಲಕ್ಕೂ ಸಾಲಿಡ್ ಆಕ್ಸಲ್ಲನ್ನೇ ತಂದಿತ್ತು. 2013ರಲ್ಲಿ 662 ಅಶ್ವಶಕ್ತಿಯ ಶೆಲ್ಬಿ ಕೂಡ ಅದರ ಮೇಲೇ ಓಡಿತು. 2015ರ ಮಾದರಿಯಿಂದ ಎಲ್ಲಕ್ಕೂ ಬಿಡಿ ಚಕ್ರ. ‘ಹೋದರು, ವಾಪಸ್ ಬಂದರು, ಮತ್ತೆ ಹೋದರು’ ಎಂದು ಅಬ್ಬಾ ನಕ್ಕರು. ಯಾವುದು ಒಳ್ಳೆಯದು ಎಂದು ನಾವು ಕೇಳಿದಾಗ, ‘ಏನು ಹೊರಬೇಕು, ಎಲ್ಲಿ ಓಡಬೇಕು, ಅದು ಹೇಳಿ ಮೊದಲು’ ಎಂದರು.

ಹೊಸದು ಬಂದ ದಿನವೇ ಹಳೆಯದು ಮೂರ್ಖವಾಯಿತು ಎಂದು ನಂಬಿ ಬೆಳೆದವರು ನಾವು. ನಮ್ಮ ಓದೂ ಅದನ್ನೇ ಹೇಳಿಕೊಟ್ಟಿತ್ತು, ಸ್ಪ್ಯಾನರ್ ಮುಟ್ಟಬೇಡಿ ಎಂದ ಅಬ್ಬಾರೂ ಬಹುಶಃ ಅದನ್ನೇ ನಂಬಿದ್ದರು. ಹಳೆಯದೆಲ್ಲ ಚಿನ್ನ ಎಂದು ಈಗ ಹೇಳಹೊರಟರೆ ಅದೂ ಅಷ್ಟೇ ತಪ್ಪು. ಆ ಆಕ್ಸಲ್ ನೇರ ಓಟಕ್ಕೆ ಸರಿ, ಗುಂಡಿ ರಸ್ತೆಗೆ ಅಲ್ಲ. ಆದರೆ ಎರಡನ್ನೂ ಕೂರಿಸಲು ಕೈ ಬೇಕು, ಕೂಗು ತಿಳಿಯುವವರು ಬೇಕು. ಅಂಥವರೊಬ್ಬರು ನಮ್ಮ ಮನೆಯಲ್ಲೇ ಇದ್ದರು. ಅವರನ್ನು ಕೇಳಲು ನಮಗೆ ಒಂದು ಮುರಿದ ಶಾಫ್ಟು ಬೇಕಾಯಿತು.

ಕಿರಿಯವನಿಗೆ ಈಗ ಮೂರು ವರ್ಷದ ಮಗಳಿದ್ದಾಳೆ. ಹಿಂದಿನ ಸೀಟಿನಲ್ಲಿ ಕೂತರೆ ಅವಳ ತಲೆ ಎತ್ತಿಹಾಕುತ್ತಿತ್ತು. ಕಳೆದ ಬೇಸಿಗೆಯಲ್ಲಿ ಟಾರ್ಪಾಲು ತೆಗೆದು, ಮುರಿದ ಶಾಫ್ಟನ್ನೂ ಬುಷ್ಷುಗಳನ್ನೂ ಬದಲಿಸಿ, ಬಿಡಿ ಚಕ್ರದ ವ್ಯವಸ್ಥೆಯನ್ನು ಮತ್ತೆ ಕೂರಿಸಿದೆವು. ಅದರ ಕ್ರೌನಿನ ಹಲ್ಲಿಗೂ ಬಣ್ಣ ಹಚ್ಚಿ, ಫೋಟೋ ತೆಗೆದು ಊರಿಗೆ ಕಳಿಸಿದೆವು. ಅಬ್ಬಾರಿಗೆ ಈಗ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಕಣ್ಣು ಚೆನ್ನಾಗಿದೆ. ‘ಇದು ಸರಿ ಇದೆ, ಮುಟ್ಟಬೇಡಿ’ ಎಂದು ಬರೆಸಿ ಕಳಿಸಿದರು. 1995ರ ಆಕ್ಸಲ್ ಅದೇ ಹಲಗೆಯ ಮೇಲೆ ಅದೇ ಟಾರ್ಪಾಲಿನ ಕೆಳಗಿದೆ. ಕೊಳ್ಳುವವರು ಬಂದಿದ್ದರು. ನಾವು ಮಾರಲಿಲ್ಲ.